ತಗಡು ದೋಣಿಯಲ್ಲಿ ಸ್ವತಃ ಮಾಡಿದ ಮೀನಿನ ತೊಟ್ಟಿ: ಪಂಪು ಹಾಕಿದರೆ ಚೆಲ್ಲುತ್ತದೆ, ನಿಲ್ಲಿಸಿದರೆ ಬರಿದಾಗುತ್ತದೆ

ಹೊಸಹುಟ್ಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ನಗರದ ಉತ್ತರಕ್ಕಿರುವ ಲೂಯಿಸ್‌ವಿಲ್ ಜಲಾಶಯದಲ್ಲಿ ವಾರಾಂತ್ಯಕ್ಕೆ ಗಾಳ ಹಾಕುವ ಹವ್ಯಾಸ ನನಗೆ ಎರಡು ವರ್ಷಗಳಿಂದ ಅಂಟಿಕೊಂಡಿದೆ. ಕಳೆದ ಚಳಿಗಾಲದಲ್ಲಿ ಹದಿನಾಲ್ಕು ಅಡಿ ಉದ್ದದ, ತಳ ಚಪ್ಪಟೆಯಾಗಿರುವ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡೆ. ಇಲ್ಲಿ ಇದನ್ನು ಜಾನ್ ಬೋಟ್ ಎನ್ನುತ್ತಾರೆ. ಹಿಂದೆ 9.9 ಅಶ್ವಶಕ್ತಿಯ ಮೋಟಾರು ಇದೆ, ಮುಂದೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಟ್ರೋಲಿಂಗ್ ಮೋಟಾರು ಇದೆ, ಆದರೆ ಹಿಡಿದ ಮೀನನ್ನು ಜೀವಂತ ಇಟ್ಟುಕೊಳ್ಳುವ ಲೈವ್‌ವೆಲ್ ಇಲ್ಲ. ನಾವು ಎಂಟು ಮಂದಿ ಗೆಳೆಯರು ತಿಂಗಳಿಗೊಮ್ಮೆ ನಮ್ಮಲ್ಲೇ ಒಂದು ಪುಟ್ಟ ಸ್ಪರ್ಧೆ ನಡೆಸುತ್ತೇವೆ. ಬಾಸ್ ಮೀನುಗಳನ್ನು ಮಧ್ಯಾಹ್ನದವರೆಗೆ ಜೀವಂತ ಇಟ್ಟು, ತೂಗಿ, ಮತ್ತೆ ನೀರಿಗೆ ಬಿಡಬೇಕು. ಸತ್ತ ಮೀನಿಗೆ ಅಂಕ ಕಡಿತ. ಕಳೆದ ಬಾರಿ ಬಕೆಟ್ಟಿನಲ್ಲಿಟ್ಟಿದ್ದ ನನ್ನ ಮೂರೂ ಮೀನುಗಳು ಹನ್ನೊಂದು ಗಂಟೆಗೆ ಹೊಟ್ಟೆ ಮೇಲಾಗಿ ತೇಲಿದವು. ಅಂಕ ಹೋದದ್ದಕ್ಕಿಂತ ಆ ನೋಟವೇ ಹೆಚ್ಚು ಬೇಸರ ತಂದಿತು.

ಆದ್ದರಿಂದ 48 ಕ್ವಾರ್ಟಿನ ಹಳೆಯ ಐಸ್‌ಪೆಟ್ಟಿಗೆಯೊಂದನ್ನು, ಅಂದರೆ ಹನ್ನೆರಡು ಗ್ಯಾಲನ್ ಅಥವಾ ಸುಮಾರು 45 ಲೀಟರ್ ಹಿಡಿಯುವುದನ್ನು, ತೊಟ್ಟಿಯಾಗಿ ಮಾಡಲು ಹೊರಟಿದ್ದೇನೆ. ಗಂಟೆಗೆ 500 ಗ್ಯಾಲನ್ ಎತ್ತುವ 12 ವೋಲ್ಟಿನ ಪಂಪು ತಂದಿದ್ದೇನೆ. ಪೆಟ್ಟಿಗೆಯ ಒಂದು ಪಕ್ಕದಲ್ಲಿ ಕೆಳಗೆ, ತಳದಿಂದ ಎರಡು ಅಂಗುಲ ಮೇಲೆ, ನೀರು ಒಳಬರುವ ಮುಕ್ಕಾಲು ಅಂಗುಲದ ಜೋಡಣೆಯನ್ನೂ (ಪೈಪು ಸಿಕ್ಕಿಸುವ ಬಾಯಿ), ಎದುರು ಪಕ್ಕದಲ್ಲಿ ಮೇಲೆ, ಹೆಚ್ಚುವರಿ ನೀರು ಹೊರಹೋಗಲು ಅಷ್ಟೇ ಅಳತೆಯ ಇನ್ನೊಂದನ್ನೂ ಕೂರಿಸಿದ್ದೇನೆ. ದೋಣಿಗೆ ಇನ್ನೂ ತೂತು ಕೊರೆದಿಲ್ಲ. ಪಂಪನ್ನು ಒಂದು ಕೋಲಿಗೆ ಕಟ್ಟಿ ನೀರಿಗಿಳಿಸಿ ಪರೀಕ್ಷಿಸಿದೆ. ಮೂರು ತೊಂದರೆಗಳು ಕಂಡವು.

ಮೊದಲನೆಯದು, ಪಂಪು ಹಾಕಿದ ಎರಡು ನಿಮಿಷಕ್ಕೆ ನೀರು ಮೇಲಿನ ತೂತನ್ನು ಮುಳುಗಿಸಿ ಏರುತ್ತಲೇ ಹೋಗಿ ಮುಚ್ಚಳದ ಸಂದಿನಿಂದ ದೋಣಿಯೊಳಗೆ ಚೆಲ್ಲಿತು. ಎರಡನೆಯದು, ಪಂಪು ನಿಲ್ಲಿಸಿದೊಡನೆ ನೀರು ಬಂದ ದಾರಿಯಲ್ಲೇ ಹಿಂದಿರುಗಿ ಪೆಟ್ಟಿಗೆಯ ತಳದಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ಉಳಿಯಿತು. ಮೂರನೆಯದು, ಪಂಪು ಆಗಾಗ ಬರೀ ಗುಂಯ್‌ಗುಡುತ್ತದೆ, ನೀರು ಎತ್ತುವುದಿಲ್ಲ. ಕೋಲನ್ನು ಅಲ್ಲಾಡಿಸಿದರೆ ಮತ್ತೆ ಎತ್ತುತ್ತದೆ.

ಇನ್ನು ದೋಣಿಯ ಹಿಂಬದಿಯ ಹಲಗೆಗೆ ನೀರಿನ ಮಟ್ಟದ ಕೆಳಗೆ ತೂತು ಕೊರೆದು ಪಂಪನ್ನು ಶಾಶ್ವತವಾಗಿ ಕೂರಿಸಬೇಕೆಂದು ಹಿತ್ತಾಳೆಯ ಜೋಡಣೆಯನ್ನೂ ಕೊಂಡಿಟ್ಟಿದ್ದೇನೆ. ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ತಿಳಿದವರ ಮಾತು ಕೇಳೋಣವೆನಿಸಿತು.

ಕೆರೆಯಂಗಳ ಬರೆದದ್ದು:

ಡ್ರಿಲ್ ಎತ್ತುವ ಮೊದಲು ಕೇಳಿದಿರಲ್ಲ, ಅರ್ಧ ಕೆಲಸ ಮುಗಿದಂತೆಯೇ. ನಾನು ಹ್ಯೂಸ್ಟನ್ನಿನಲ್ಲಿದ್ದೇನೆ. ಇಂಥ ತೊಟ್ಟಿಗಳನ್ನು ನನಗಾಗಿ ಎರಡು, ಗೆಳೆಯರಿಗಾಗಿ ನಾಲ್ಕೈದು ಮಾಡಿದ್ದೇನೆ. ಮೊದಲನೆಯದರಲ್ಲಿ ನೀವು ಮಾಡಿರುವ ತಪ್ಪುಗಳನ್ನೆಲ್ಲ ನಾನೂ ಮಾಡಿದ್ದೆ.

ಲೈವ್‌ವೆಲ್ ಎಂದಾಗ ಬಾವಿಯನ್ನು ನೆನೆಯಬೇಡಿ, ನಮ್ಮೂರ ಕೆರೆಯನ್ನು ನೆನೆಯಿರಿ. ಕೆರೆಗೆ ನೀರು ಬರುವ ಕಾಲುವೆ ಇರುತ್ತದೆ, ತುಂಬಿದ ಮೇಲೆ ಹರಿದುಹೋಗಲು ಕೋಡಿ ಇರುತ್ತದೆ, ತಳದಿಂದ ಬಿಡಲು ತೂಬು ಇರುತ್ತದೆ. ಕೋಡಿಯನ್ನು ಯಾರೂ ಕಾಲುವೆಯಷ್ಟೇ ಕಿರಿದಾಗಿ ಕಟ್ಟುವುದಿಲ್ಲ, ಕಟ್ಟಿದರೆ ಏರಿ ಒಡೆಯುತ್ತದೆ. ನೀವು ಎರಡಕ್ಕೂ ಮುಕ್ಕಾಲು ಅಂಗುಲ ಇಟ್ಟಿದ್ದೀರಿ. ಒಳಬರುವ ನೀರನ್ನು ಪಂಪು ತಳ್ಳುತ್ತದೆ. ಹೊರಹೋಗುವ ನೀರಿಗೆ ತೂತಿನ ಮೇಲೆ ನಿಂತ ನಾಲ್ಕು ಬೆರಳು ನೀರಿನ ಭಾರವಷ್ಟೇ ಬಲ. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಗಂಟೆಗೆ 500 ಗ್ಯಾಲನ್ ಎಂದರೆ ನಿಮಿಷಕ್ಕೆ ಸುಮಾರು 31 ಲೀಟರ್. ತೂತಿನ ನಡುವಿನಿಂದ ಮೇಲೆ ಐದು ಸೆಂಟಿಮೀಟರ್ ನೀರು ನಿಂತಾಗ ಮುಕ್ಕಾಲು ಅಂಗುಲದ ತೂತಿನಿಂದ ಹೊರಹೋಗುವುದು ನಿಮಿಷಕ್ಕೆ ಹತ್ತು ಲೀಟರಿನ ಆಸುಪಾಸು. ಉಳಿದದ್ದು ನಿಮ್ಮ ಕಾಲ ಮೇಲೆ ಬಿತ್ತು. ಅದೇ ಒಂದೂವರೆ ಅಂಗುಲದ ತೂತಾದರೆ ಬಾಯಿಯ ವಿಸ್ತಾರ ನಾಲ್ಕು ಪಟ್ಟು, ಹೊರಹೋಗುವುದು ನಲವತ್ತು ಲೀಟರ್. ಪಂಪಿನ ಮೇಲೆ ಬರೆದಿರುವ 500 ಎಂಬುದು ಎತ್ತರವೂ ಪೈಪೂ ಇಲ್ಲದಾಗಿನ ಸಂಖ್ಯೆಯಾದ್ದರಿಂದ ನಿಜವಾಗಿ ಬರುವುದು ಇನ್ನೂ ಕಡಿಮೆ ಎಂಬುದು ಹೌದು, ಆದರೆ ಮುಕ್ಕಾಲು ಅಂಗುಲದ ಜೋಡಣೆಯ ಒಳಬಾಯಿಯೂ ಮುಕ್ಕಾಲು ಅಂಗುಲವಿರುವುದಿಲ್ಲ, ಅದನ್ನು ಮರೆಯಬೇಡಿ. ಕೋಡಿಗೆ ಒಂದೂವರೆ ಅಂಗುಲ ಇಡಿ. ಒಳಗೆ ನುಣುಪಾಗಿರುವ ಪೈಪು ಬಳಸಿ, ಉಂಗುರ ಉಂಗುರವಾಗಿ ಮಡಿಕೆಯಿರುವುದು ಬೇಡ. ಕೋಡಿಯಿಂದ ಹೊರಬಾಯಿಯವರೆಗೆ ಪೈಪು ಇಳಿಯುತ್ತಲೇ ಹೋಗಬೇಕು. ನಡುವೆ ಜೋಲುಬಿದ್ದರೆ ಆ ಜೋಲಿನಲ್ಲಿ ನೀರು ನಿಂತು ಗಾಳಿಯನ್ನು ಹಿಂದೆ ಕಟ್ಟಿಹಾಕುತ್ತದೆ, ಆಗ ಒಂದೂವರೆ ಅಂಗುಲವಿದ್ದೂ ಪ್ರಯೋಜನವಿಲ್ಲ.

ಎರಡನೆಯ ತೊಂದರೆಗೆ ಕಾರಣ ನೀರು ಒಳಬರುವ ಜಾಗ. ಒಳಬಾಯಿ ನೀರಿನೊಳಗೆ ಮುಳುಗಿದ್ದರೆ, ಪಂಪು ನಿಂತ ಕ್ಷಣದಿಂದ ಆ ಪೈಪು ಸೈಫನ್ ಆಗುತ್ತದೆ. ಈ ಬಗೆಯ ಪಂಪಿನಲ್ಲಿ ಹಿಂದಿರುಗುವ ನೀರನ್ನು ತಡೆಯುವ ಯಾವ ಬಾಗಿಲೂ ಇಲ್ಲ. ಒಳಗಿನ ಮಟ್ಟ ಒಳಬಾಯಿಗಿಂತ ಕೆಳಗಿಳಿಯುವವರೆಗೆ, ಇಲ್ಲವೇ ಹೊರಗಿನ ಜಲಾಶಯದ ಮಟ್ಟಕ್ಕೆ ಸರಿಹೋಗುವವರೆಗೆ ನೀರು ವಾಪಸು ಹೋಗುತ್ತದೆ. ನಿಮ್ಮ ತೊಟ್ಟಿಯಲ್ಲಿ ಉಳಿದ ಆ ಒಂದಿಷ್ಟು ನೀರು ಹೊರಗಿನ ನೀರಿನ ಮಟ್ಟವನ್ನೇ ತೋರಿಸುತ್ತಿದೆ ಎಂಬುದು ನನ್ನ ಊಹೆ. ಇದಕ್ಕೆ ಕವಾಟ ಹುಡುಕುತ್ತ ಹೋಗಬೇಡಿ, ಒಂದು ಚೂರು ಕಸ ಸಿಕ್ಕಿದರೆ ಕವಾಟವೂ ಸೋರುತ್ತದೆ. ಒಳಬಾಯಿಯನ್ನು ಮೇಲಕ್ಕೆ, ಕೋಡಿಗಿಂತ ಎತ್ತರಕ್ಕೆ ತನ್ನಿ. ಊರಿನ ಮನೆಗಳ ಮೇಲಿನ ಕಪ್ಪು ಟ್ಯಾಂಕಿನಲ್ಲಿ ನೀರು ಮೇಲಿನಿಂದಲೇ ಬೀಳುತ್ತದೆಯಲ್ಲ, ಹಾಗೆ. ಅಲ್ಲಿ ಅರ್ಧ ಅಂಗುಲದ ಪಿವಿಸಿ ಕೊಳವೆಯ ತುಂಡೊಂದನ್ನು ಅಡ್ಡಲಾಗಿ ಕೂರಿಸಿ, ತುದಿ ಮುಚ್ಚಿ, ಮೂರು ಮಿಲಿಮೀಟರಿನ ಎರಡು ಡಜನ್ ತೂತು ಕೊರೆಯಿರಿ. ಅವೆಲ್ಲವುಗಳ ಬಾಯಿ ಒಟ್ಟು ಸೇರಿದರೆ ಕೊಳವೆಯ ಬಾಯಿಗೆ ಸರಿಸುಮಾರು ಸಮವಾಗುತ್ತದೆ, ಆದ್ದರಿಂದ ಪಂಪಿಗೆ ಹೊರೆಯಾಗುವುದಿಲ್ಲ. ನೀರು ಎಳೆಎಳೆಯಾಗಿ ಬಿದ್ದು ಮೇಲ್ಮೈಯನ್ನು ಕದಡಿ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ.

ಮೂರನೆಯದು ಗಾಳಿ ಸಿಕ್ಕಿಕೊಳ್ಳುವ ಸಮಸ್ಯೆ. ಈ ಪಂಪು ಗಾಳಿಯನ್ನು ಎಳೆಯಲಾರದು, ಅದರ ಚಕ್ರ ಸದಾ ನೀರಿನಲ್ಲಿ ಮುಳುಗಿರಬೇಕು. ಪಂಪಿನಿಂದ ತೊಟ್ಟಿಯವರೆಗೆ ಪೈಪು ಏರುತ್ತಲೇ ಹೋಗಬೇಕು, ನಡುವೆ ಇಳಿದು ಮತ್ತೆ ಏರಿದರೆ ಆ ಏರಿನ ನೆತ್ತಿಯಲ್ಲಿ ಗುಳ್ಳೆ ಕೂರುತ್ತದೆ. ಕೋಲು ಅಲ್ಲಾಡಿಸಿದಾಗ ಸರಿಯಾದದ್ದು ಗುಳ್ಳೆ ಹೊರಬಿದ್ದುದರಿಂದ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಕೋಡಿಯ ಹೊರಬಾಯಿಯನ್ನು ದೋಣಿಯ ಪಕ್ಕಕ್ಕೆ ಎಲ್ಲಿ ಬಿಡುತ್ತೀರಿ? ದೋಣಿ ಖಾಲಿಯಿರುವಾಗ ನೀರಿನ ಮಟ್ಟ ನೋಡಿ ಎರಡು ಅಂಗುಲ ಮೇಲೆ ಕೊರೆದುಬಿಟ್ಟರೆ, ಪೆಟ್ರೋಲು, ಬ್ಯಾಟರಿ, ತುಂಬಿದ ತೊಟ್ಟಿ, ಇಬ್ಬರು ಮನುಷ್ಯರು ಸೇರಿದಾಗ ಆ ಬಾಯಿ ನೀರಿನೊಳಗಿರುತ್ತದೆ. ಆಗ ಕೋಡಿಯೇ ಕಾಲುವೆಯಾಗುತ್ತದೆ. ತೊಟ್ಟಿಯ ಗೋಡೆ ಎತ್ತರವಿರುವವರೆಗೆ ಪರವಾಗಿಲ್ಲ, ಆದರೆ ಎಲ್ಲೋ ಒಂದು ಕ್ಲಾಂಪು ಸಡಿಲವಾಗಿ ಪೈಪು ಕಳಚಿತೆಂದರೆ ಜಲಾಶಯ ನೇರವಾಗಿ ದೋಣಿಯೊಳಗೆ ಬರುತ್ತದೆ. ಆದ್ದರಿಂದ ಮೊದಲು ದೋಣಿಯನ್ನು ಪೂರ್ತಿ ಹೊರೆ ಹೇರಿ ನೀರಿಗಿಳಿಸಿ, ಹೊರಗಿನ ಮಟ್ಟವನ್ನು ಮೇಣದ ಬಳಪದಿಂದ ಸುತ್ತಲೂ ಗುರುತು ಮಾಡಿ. ಗೆಳೆಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಇನ್ನೊಮ್ಮೆ ಗುರುತಿಸಿ. ಮೇಲಿನ ಗೆರೆಗಿಂತ ಕನಿಷ್ಠ ನಾಲ್ಕು ಅಂಗುಲ ಎತ್ತರದಲ್ಲಿ ಕೋಡಿಯ ಬಾಯಿ ಇರಲಿ. ಮೋಟಾರಿನ ಭಾರಕ್ಕೆ ಹಿಂಭಾಗ ಕುಸಿಯುವುದರಿಂದ ದೋಣಿಯ ನಡುಭಾಗದ ಪಕ್ಕವೇ ಉತ್ತಮ. ಅಷ್ಟು ಎತ್ತರ ಸಿಗದಿದ್ದರೆ ತೊಟ್ಟಿಯ ಅಡಿಗೆ ಹಲಗೆ ಕೊಟ್ಟು ಒಂದೆರಡು ಅಂಗುಲ ಎತ್ತರಿಸಿ.

ತೊಟ್ಟಿಯಲ್ಲಿ ನಿಜವಾಗಿ ನಿಲ್ಲುವುದು ಸುಮಾರು 38 ಲೀಟರ್ ಎಂದುಕೊಂಡರೂ ಅದು 38 ಕಿಲೋ. ಅದನ್ನು ನಡುವಿನ ಸೀಟಿನ ಹತ್ತಿರ, ಉದ್ದನೆಯ ಪಕ್ಕ ದೋಣಿಯ ಉದ್ದಕ್ಕೇ ಬರುವಂತೆ ಇಡಿ. ಅಡ್ಡಲಾಗಿ ಇಟ್ಟರೆ ನೀವು ಒಂದು ಪಕ್ಕಕ್ಕೆ ಬಾಗಿದಾಗ ನೀರೂ ಅತ್ತಲೇ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ.

ತಗಡುಕೆಲಸ ಬರೆದದ್ದು:

ಕೆರೆಯಂಗಳ ಅವರು ನೀರಿನ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ, ನಾನು ಲೋಹದ ವಿಷಯ ಹೇಳುತ್ತೇನೆ. ಒಹಾಯೊದಲ್ಲಿ ಅಲ್ಯೂಮಿನಿಯಂ ಬೆಸುಗೆಯೇ ನನ್ನ ಹೊಟ್ಟೆಪಾಡು.

ಹೊಸಹುಟ್ಟು ಅವರೇ, ಆ ಹಿತ್ತಾಳೆಯ ಜೋಡಣೆಯನ್ನು ದಯವಿಟ್ಟು ಅಂಗಡಿಗೆ ಹಿಂದಿರುಗಿಸಿ. ಅಲ್ಯೂಮಿನಿಯಂ ಮತ್ತು ಹಿತ್ತಾಳೆ ತಾಗಿಕೊಂಡು ನೀರಿನಲ್ಲಿ ನಿಂತರೆ ಅವೆರಡೂ ಸೇರಿ ಒಂದು ಬ್ಯಾಟರಿಯಾಗುತ್ತವೆ, ಆ ಬ್ಯಾಟರಿಯಲ್ಲಿ ಕರಗಿಹೋಗುವುದು ಅಲ್ಯೂಮಿನಿಯಂ, ಅಂದರೆ ನಿಮ್ಮ ದೋಣಿ. ಉಪ್ಪುನೀರಿನಲ್ಲಿ ಇದು ಬೇಗ, ಸಿಹಿನೀರಿನಲ್ಲಿ ನಿಧಾನ, ಆದರೆ ಆಗುವುದಂತೂ ಖಚಿತ. ನನ್ನ ಮೊದಲ ದೋಣಿಗೆ ಅಂಗಡಿಯವರು ಕೊಟ್ಟ ಹಿತ್ತಾಳೆಯನ್ನೇ ಕಣ್ಣುಮುಚ್ಚಿ ಹಾಕಿಸಿದ್ದೆ. ಎರಡನೆಯ ವರ್ಷ ಬಿಚ್ಚಿದಾಗ ತೂತಿನ ಸುತ್ತ ಸುಣ್ಣದಂಥ ಬಿಳಿಪುಡಿ ಉಬ್ಬಿತ್ತು. ಉಗುರಿನಿಂದ ಕೆರೆದರೆ ಅದರಡಿ ಸಾಸಿವೆ ಗಾತ್ರದ ಗುಳಿಗಳು, ಒಂದರಲ್ಲಿ ಬೆಳಕೇ ಕಂಡಿತು. ಲೋಹ ತಿಳಿದವನೆಂದು ಹೇಳಿಕೊಳ್ಳುವ ನನಗೇ ಹೀಗಾದದ್ದು ಇಂದಿಗೂ ನಾಚಿಕೆ. ನೀರಿನ ಮಟ್ಟದ ಕೆಳಗೆ ಗಾಜಿನ ನಾರು ಬೆರೆಸಿ ಗಟ್ಟಿಮಾಡಿದ ನೈಲಾನಿನ ಜೋಡಣೆ ಬಳಸಿ, ದೋಣಿಗೆಂದೇ ತಯಾರಾದದ್ದು ಸಿಗುತ್ತದೆ. ಸಾಧಾರಣ ಬಿಳಿ ಪ್ಲಾಸ್ಟಿಕ್ಕಿನದು ಬಿಸಿಲಿಗೆ ಪೆಡಸಾಗಿ ಒಂದು ದಿನ ತಲೆಯೇ ಮುರಿದು ಕೈಗೆ ಬರುತ್ತದೆ. ಜೋಡಣೆಗೂ ಪಂಪಿಗೂ ನಡುವೆ ಕೈಯಿಂದ ಮುಚ್ಚಬಲ್ಲ ಬಾಲ್ ವಾಲ್ವ್ ಇರಲೇಬೇಕು. ಅದು ಕೈಗೆಟುಕುವ ಜಾಗದಲ್ಲಿರಬೇಕು, ಪೆಟ್ರೋಲಿನ ಡಬ್ಬಿಯ ಹಿಂದಲ್ಲ.

ಹಿಂಬದಿಯ ಹಲಗೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಳೆಯ ಜಾನ್ ಬೋಟುಗಳಲ್ಲಿ ಮೋಟಾರು ಕೂರುವ ಆ ಹಲಗೆಯೆಂದರೆ ಎರಡು ತಗಡುಗಳ ನಡುವೆ ಇಟ್ಟ ಪ್ಲೈವುಡ್. ಕೊರೆಯುವಾಗ ಬರುವ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿ. ಒಣಗಿದ ಹಳದಿ ಹೊಟ್ಟು ಬಂದರೆ ನೀವು ಪುಣ್ಯವಂತರು. ಕಪ್ಪಗೆ, ಒದ್ದೆಯಾಗಿ, ಗೊಬ್ಬರದ ವಾಸನೆ ಬಂದರೆ ತೊಟ್ಟಿಯ ಕೆಲಸ ಅಲ್ಲಿಗೆ ನಿಲ್ಲಿಸಿ ಮೊದಲು ಆ ಹಲಗೆಯನ್ನು ಬದಲಾಯಿಸಬೇಕು, ಏಕೆಂದರೆ ನಿಮ್ಮ ಮೋಟಾರು ಅದನ್ನೇ ನಂಬಿ ಕೂತಿದೆ. ಮರ ಚೆನ್ನಾಗಿದ್ದರೆ ತೂತನ್ನು ಬೇಕಾದದ್ದಕ್ಕಿಂತ ತುಸು ದೊಡ್ಡದಾಗಿ ಕೊರೆದು, ಬರಿಯ ಮರದ ಅಂಚಿಗೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ನೀರು ಮರವನ್ನು ಮುಟ್ಟುವುದೇ ಇಲ್ಲ.

ಅಂಟಿಗೆ ಸಿಲಿಕೋನ್ ಬೇಡ. ಅದು ಸಡಿಲವಾಗುತ್ತದೆ, ಮೇಲಾಗಿ ಒಮ್ಮೆ ಬಳಿದ ಜಾಗದಲ್ಲಿ ಆಮೇಲೆ ಬೇರಾವುದೂ ಹಿಡಿಯುವುದಿಲ್ಲ. ದೋಣಿಗೆ ಬಳಸುವ 3ಎಂ 5200 ಎಂಬ ಅಂಟು ಹಾಕಿದರೆ ಅದು ಶಾಶ್ವತ, ಮುಂದೆ ಬಿಚ್ಚುವಾಗ ದೋಣಿಯೇ ಕಿತ್ತುಬರುವ ಭಯ. ಅದೇ ಕಂಪನಿಯ 4200 ಆದರೆ ಹಿಡಿತವೂ ಸಾಕಷ್ಟಿದೆ, ಬೇಕಾದಾಗ ಬಿಚ್ಚಲೂಬಹುದು. ಆದರೆ ಇವೆರಡೂ ನಿಮ್ಮ ಐಸ್‌ಪೆಟ್ಟಿಗೆಗೆ ಸರಿಯಾಗಿ ಹಿಡಿಯುವುದಿಲ್ಲ. ಪೆಟ್ಟಿಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನದು, ಅದಕ್ಕೆ ಯಾವ ಅಂಟೂ ನೆಚ್ಚುವಂತೆ ಹಿಡಿಯದು. ಅಲ್ಲಿ ರಬ್ಬರಿನ ವಾಷರನ್ನು ನೀರಿನ ಪಕ್ಕಕ್ಕೆ ಹಾಕಿ ನಟ್ಟಿನಿಂದ ಬಿಗಿಯುವ ಜೋಡಣೆಯೇ ಗತಿ. ಬಿಗಿಯುವಾಗ ಪೆಟ್ಟಿಗೆಯ ಎರಡು ಪದರಗಳ ನಡುವಿನ ಫೋಮು ಅಮುಕಿಕೊಂಡು ಗೋಡೆ ಒಳಗೆ ಕುಸಿಯುತ್ತದೆ, ವಾಷರು ವಾರೆಯಾಗಿ ಕೂರುತ್ತದೆ, ಆಮೇಲೆ ನೀರು ಪದರಗಳ ನಡುವೆ ಇಳಿದು ಪೆಟ್ಟಿಗೆ ಸುಮ್ಮಸುಮ್ಮನೆ ಭಾರವಾಗುತ್ತ ಹೋಗುತ್ತದೆ. ಇದಕ್ಕೆ ಉಪಾಯ ಸುಲಭ: ಗೋಡೆಯ ದಪ್ಪದಷ್ಟೇ ಉದ್ದಕ್ಕೆ ಪಿವಿಸಿ ಕೊಳವೆಯ ಬಳೆಯೊಂದನ್ನು ಕತ್ತರಿಸಿ ತೂತಿನೊಳಗಿಟ್ಟು, ಅದರೊಳಗಿಂದ ಜೋಡಣೆಯನ್ನು ತೂರಿಸಿ ಬಿಗಿಯಿರಿ. ಒತ್ತಡ ಬಳೆಯ ಮೇಲೆ ಬೀಳುತ್ತದೆ.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಪಂಪಿನ ಮೇಲೆ ಎಷ್ಟು ಆಂಪಿಯರಿನ ಫ್ಯೂಸ್ ಬೇಕೆಂದು ಬರೆದಿದೆಯೋ ಅಷ್ಟರದ್ದೇ ಫ್ಯೂಸನ್ನು ಬ್ಯಾಟರಿಯ ಧನ ತಂತಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ ಹಾಕಿ. ಋಣ ತಂತಿಯನ್ನು ಕಾರಿನಲ್ಲಿ ಮಾಡುವಂತೆ ದೋಣಿಯ ತಗಡಿಗೆ ಜೋಡಿಸಬೇಡಿ, ಬ್ಯಾಟರಿಯವರೆಗೆ ಬೇರೆಯೇ ತಂತಿ ಎಳೆಯಿರಿ. ತಗಡಿನಲ್ಲಿ ವಿದ್ಯುತ್ ಹರಿದರೆ ಹಿತ್ತಾಳೆ ಮಾಡುವ ಕೆಲಸವನ್ನೇ ಅದು ಇನ್ನೂ ವೇಗವಾಗಿ ಮಾಡುತ್ತದೆ.

ಸಂಜೆಗಾಳ ಬರೆದದ್ದು:

ಇಬ್ಬರು ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಹದಿನಾಲ್ಕು ಅಡಿಯ ದೋಣಿಗೆ ನೀರಿನ ಮಟ್ಟದ ಕೆಳಗೆ ತೂತು ಬೇಕೇ ಬೇಕೆ ಎಂದು ನನ್ನ ತಕರಾರು. ನಾನು ಆಸ್ಟಿನ್ ಹತ್ತಿರದ ಟ್ರಾವಿಸ್ ಜಲಾಶಯದಲ್ಲಿ ಆರು ವರ್ಷಗಳಿಂದ ಇದೇ ಗಾತ್ರದ ದೋಣಿಯಲ್ಲಿ ಓಡಾಡುತ್ತಿದ್ದೇನೆ. ಹಿಂಬದಿಯ ಹಲಗೆಗೆ ಕ್ಲಾಂಪಿನಿಂದ ಕಚ್ಚಿಸಿದ ಪಿವಿಸಿ ಕೊಳವೆಯ ತುದಿಯಲ್ಲಿ ಪಂಪು ಇದೆ. ತೊಟ್ಟಿ ಬೇಕೆನಿಸಿದಾಗ ಕೆಳಗಿಳಿಸುತ್ತೇನೆ, ಮೋಟಾರು ಓಡಿಸುವಾಗ ಮೇಲೆತ್ತುತ್ತೇನೆ. ಜೊಂಡು ಸಿಕ್ಕಿಕೊಂಡರೆ ಕೈಯಲ್ಲೇ ಬಿಡಿಸುತ್ತೇನೆ. ದೋಣಿ ಮಾರುವಾಗ ತೂತಿನ ಲೆಕ್ಕ ಕೊಡಬೇಕಾಗಿಲ್ಲ. ನೋಟಕ್ಕೆ ಬೊಂಬಿನ ತುದಿಗೆ ಕಟ್ಟಿದ ಬುಟ್ಟಿಯಂತಿದೆ ಎಂದು ಮನೆಯವರು ನಗುತ್ತಾರೆ, ನಗಲಿ.

ಇನ್ನೊಂದು ಮಾತನ್ನು ಯಾರೂ ಎತ್ತಲಿಲ್ಲ. ಟೆಕ್ಸಸ್‌ನಲ್ಲಿ 2014ರ ಜುಲೈ 1ರಿಂದ, ಸಾರ್ವಜನಿಕ ಸಿಹಿನೀರಿನ ಜಲಾಶಯದಿಂದ ದೋಣಿಯನ್ನು ಹೊರತರುವಾಗ ಅದರಲ್ಲಿರುವ ನೀರನ್ನೆಲ್ಲ ಅಲ್ಲೇ ಬಸಿದುಬಿಡಬೇಕೆಂಬ ನಿಯಮ ರಾಜ್ಯಾದ್ಯಂತ ಇದೆ. 2009ರಲ್ಲಿ ಟೆಕ್ಸೋಮಾ ಜಲಾಶಯದಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ ಚಿಪ್ಪುಜೀವಿ ದೋಣಿಗಳ ನೀರಿನಲ್ಲೇ ಊರೂರು ಸುತ್ತಿತು. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ತೂಬು ತೊಟ್ಟಿಯ ತೀರ ತಳದಲ್ಲಿ ಇರಬೇಕು, ಪೈಪುಗಳಲ್ಲೂ ನೀರು ಉಳಿಯಬಾರದು. ನನ್ನ ವಿಧಾನದಲ್ಲಿ ಪಂಪೂ ಪೈಪೂ ಪೂರ್ತಿ ಹೊರಬರುತ್ತವೆ, ಬಿಸಿಲಿಗೆ ಹಾಕಿ ಒಣಗಿಸಿದರಾಯಿತು. ಕೊರೆದು ಕೂರಿಸಿದ ಪಂಪಿನ ಹೊಟ್ಟೆಯಲ್ಲಿ ಲೋಟದಷ್ಟು ನೀರು ಯಾವಾಗಲೂ ಉಳಿದಿರುತ್ತದೆ.

ಕೆರೆಯಂಗಳ ಬರೆದದ್ದು:

ಸಂಜೆಗಾಳ ಅವರ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ಸೋಮಾರಿತನ ನನ್ನಂಥವರಿಗೆ ಸಹಜ. ಪಂಪನ್ನು ಇಳಿಸುವ ಕೆಲಸವಿದ್ದರೆ ಮೀನು ಸಿಕ್ಕ ಸಂಭ್ರಮದಲ್ಲಿ ಅದನ್ನು ಮರೆಯುತ್ತೇವೆ, ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದಾಗ ನೆನಪಾಗುತ್ತದೆ. ಆದರೆ ತಿಂಗಳಿಗೊಮ್ಮೆ ಮಾತ್ರ ತೊಟ್ಟಿ ಬೇಕಾಗುವವರಿಗೆ, ಅದರಲ್ಲೂ ಹಲಗೆಯ ಪ್ಲೈವುಡ್ ಹೇಗಿದೆಯೋ ತಿಳಿಯದಿರುವಾಗ, ಮೊದಲ ವರ್ಷ ಹಾಗೆಯೇ ನಡೆಸಿ ನೋಡುವುದು ಜಾಣತನ.

ತೂಬಿನ ಬಗ್ಗೆ ಒಂದು ತಿದ್ದುಪಡಿ. ತೊಟ್ಟಿಯನ್ನು ದೋಣಿಯ ತಳದ ಮೇಲೆ ಇಟ್ಟಾಗ ತೊಟ್ಟಿಯ ತಳ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ನೀರಿನ ಮೇಲಿರುವಾಗ ಹೊರಕ್ಕೆ ಜೋಡಿಸಿದ ತೂಬನ್ನು ತೆಗೆದರೆ ತೊಟ್ಟಿ ಬರಿದಾಗುವುದಿಲ್ಲ, ಹೊರಗಿನ ಮಟ್ಟಕ್ಕೆ ನಿಲ್ಲುತ್ತದೆ. ಬರಿದು ಮಾಡಬೇಕಾದದ್ದು ದೋಣಿಯನ್ನು ಟ್ರೇಲರಿಗೇರಿಸಿ ದಡದ ಇಳಿಜಾರಿನ ಮೇಲೆ ಎಳೆದುತಂದಾಗ. ಆದ್ದರಿಂದ ತೂಬಿಗೆ ಹೊರಗೆ ಬಾಯಿಯೇ ಬೇಡ. ತೊಟ್ಟಿಯ ತಳಕ್ಕೆ ಬಿರಡೆಯಿರುವ ತೂತು ಮಾಡಿ, ನೀರು ದೋಣಿಯ ತಳಕ್ಕೆ ಬಿದ್ದು ದೋಣಿಯ ಬಿರಡೆಯಿಂದಲೇ ಹೊರಗೆ ಹೋಗಲಿ. ಕೊರೆಯುವ ತೂತು ಒಂದು ಕಡಿಮೆಯಾಯಿತು.

ಹಳೆಯ ಕಾಲದ ಯೂರೋಪಿನ ಮೀನುಗಾರರು ಇದೇ ತತ್ತ್ವವನ್ನು ತಲೆಕೆಳಗು ಮಾಡಿ ಬಳಸಿದ್ದರು. ಡಚ್ಚರೂ ಇಂಗ್ಲೆಂಡಿನ ಪೂರ್ವ ಕರಾವಳಿಯವರೂ ಹಡಗಿನ ನಡುವೆ ನೀರು ಸೋರದ ಎರಡು ಅಡ್ಡಗೋಡೆ ಕಟ್ಟಿ, ಅವುಗಳ ನಡುವಿನ ಹಡಗಿನ ತಳಕ್ಕೆ ಬೇಕೆಂದೇ ತೂತು ಕೊರೆದು, ಕಡಲನ್ನೇ ಒಳಗೆ ಬಿಟ್ಟುಕೊಂಡು ಕಾಡ್ ಮೀನನ್ನು ಜೀವಂತ ಬಂದರಿಗೆ ತರುತ್ತಿದ್ದರು. ಪಂಪೂ ಇಲ್ಲ, ಕೋಡಿಯೂ ಇಲ್ಲ. ಲೈವ್‌ವೆಲ್ ಎಂಬ ಹೆಸರಿನಲ್ಲಿ ಬಾವಿ ಉಳಿದಿರುವುದು ಅಲ್ಲಿಂದಲೇ ಇರಬೇಕು.

ಮರಿಮೀನು ಬರೆದದ್ದು:

ಪೈಪು ಪಂಪಿನ ಚರ್ಚೆ ಚೆನ್ನಾಗಿ ನಡೆದಿದೆ, ಮೀನಿನ ಪರವಾಗಿ ನಾಲ್ಕು ಮಾತು ನನ್ನದು. ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು, ಕೆಲವು ವರ್ಷ ಮೀನುಮರಿ ಸಾಗಿಸುವ ಕೆಲಸದಲ್ಲಿದ್ದೆ. ನಮ್ಮಲ್ಲಿ ಗೆಂಡೆ, ಕಾಟ್ಲಾ ಮರಿಗಳನ್ನು ಸಾಗಿಸುವಾಗ ಪ್ಲಾಸ್ಟಿಕ್ ಚೀಲಕ್ಕೆ ಮೂರರಲ್ಲೊಂದು ಪಾಲು ನೀರು ಹಾಕಿ, ಉಳಿದ ಜಾಗಕ್ಕೆ ಆಮ್ಲಜನಕ ತುಂಬಿ ಬಾಯಿ ಕಟ್ಟುತ್ತೇವೆ. ಚೀಲಗಳು ಬರುವ ಮೊದಲು ಬಂಗಾಳದ ಮರಿ ವ್ಯಾಪಾರಿಗಳು ಮಣ್ಣಿನ ಮಡಕೆಗಳಲ್ಲಿ ಒಯ್ಯುತ್ತಿದ್ದರು. ದಾರಿಯುದ್ದಕ್ಕೂ ಮಡಕೆಯನ್ನು ಅಲುಗಿಸುತ್ತಲೇ ಇರುವುದು ಅವರ ಕ್ರಮ. ನೀರಿನ ಮೇಲ್ಮೈ ಒಡೆದಷ್ಟೂ ಗಾಳಿ ಒಳಗಿಳಿಯುತ್ತದೆ ಎಂಬುದನ್ನು ಅವರು ಕೈಯಿಂದ ಕಲಿತಿದ್ದರು. ನಿಮ್ಮ ತೂತಿನ ಕೊಳವೆ ಮಾಡುವುದೂ ಅದನ್ನೇ.

ಬಕೆಟ್ಟಿನಲ್ಲಿ ಮೀನು ಸತ್ತದ್ದಕ್ಕೆ ಕಾರಣ ಬಿಸಿ ಮತ್ತು ಉಸಿರು ಎರಡೂ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯದು ಏಳೂವರೆ ಮಾತ್ರ. ಬಾಸ್ ಮೀನು ನೆಮ್ಮದಿಯಾಗಿರಲು 5ಕ್ಕಿಂತ ಹೆಚ್ಚು ಬೇಕು. ನೀರು ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ನಿಮ್ಮ ಬೇಸಗೆಯಲ್ಲಿ ಪಂಪು ಮೇಲ್ಪದರದ ಬಿಸಿನೀರನ್ನೇ ಎಳೆದು ತಂದರೆ ಹೊಸ ನೀರು ಬಂದೂ ಪ್ರಯೋಜನ ಅಷ್ಟಕ್ಕಷ್ಟೇ. ಆಗ ಹೊರಗಿನ ಪಂಪನ್ನು ನಿಲ್ಲಿಸಿ, ತೊಟ್ಟಿಯೊಳಗೆ ಇನ್ನೊಂದು ಚಿಕ್ಕ ಪಂಪಿಟ್ಟು ಅದೇ ನೀರನ್ನು ತಿರುಗಿಸಿ ಚಿಮ್ಮಿಸಿ, ಮಂಜುಗಡ್ಡೆಯಿಂದ ತಂಪು ಮಾಡುವುದು ಉತ್ತಮ. ನೀವು ಐಸ್‌ಪೆಟ್ಟಿಗೆಯನ್ನೇ ತೊಟ್ಟಿ ಮಾಡಿಕೊಂಡಿರುವುದರಿಂದ ತಂಪು ಬೇಗ ಹೋಗುವುದಿಲ್ಲ. ಒಂದು ಕಿಲೋ ಮಂಜುಗಡ್ಡೆ ಕರಗಿದರೆ 38 ಲೀಟರ್ ನೀರು ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಒಂದು ಲೀಟರಿನ ಎರಡು ಬಾಟಲಿಗಳಲ್ಲಿ ನೀರನ್ನು ಹೆಪ್ಪುಗಟ್ಟಿಸಿಕೊಂಡು ಹೋಗಿ, ಒಂದಾದ ಮೇಲೊಂದು ಹಾಕಿ. ನಲ್ಲಿ ನೀರಿನ ಗಡ್ಡೆಯನ್ನು ನೇರವಾಗಿ ಹಾಕಿದರೆ ಅದರ ಕ್ಲೋರಿನ್ ಮೀನಿನ ಕಿವಿರಿಗೆ ತಾಗುತ್ತದೆ, ಬಾಟಲಿಯಲ್ಲಿದ್ದರೆ ಆ ಚಿಂತೆಯಿಲ್ಲ. ಜಲಾಶಯದ ನೀರಿಗಿಂತ ನಾಲ್ಕು ಡಿಗ್ರಿಗಿಂತ ಹೆಚ್ಚು ತಂಪು ಮಾಡಬೇಡಿ, ಬಿಡುವಾಗ ಮೀನಿಗೆ ಆಘಾತವಾಗುತ್ತದೆ.

ಒಂದು ಗ್ಯಾಲನ್ ನೀರಿಗೆ ಒಂದು ಪೌಂಡು ಮೀನು ಎಂಬ ರೂಢಿಯ ಅಳತೆಯಂತೆ ನಿಮ್ಮ ತೊಟ್ಟಿಗೆ ಹತ್ತು ಪೌಂಡಷ್ಟೇ ಸಲ್ಲುತ್ತದೆ. ನಿಮ್ಮ ರಾಜ್ಯದಲ್ಲಿ ಹದಿಮೂರು ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗುವ ಬಾಸ್ ಸಿಕ್ಕರೆ ಸಂತಾನಕ್ಕಾಗಿ ಜೀವಂತ ಪಡೆಯುವ ಯೋಜನೆಯೊಂದಿದೆಯಲ್ಲ, 1986ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕ 17.67 ಪೌಂಡಿನ ಎಥೆಲ್ ಎಂಬ ಮೀನಿನಿಂದ ಆರಂಭವಾದದ್ದು. ಅಂಥದ್ದು ನಿಮ್ಮ ಗಾಳಕ್ಕೆ ಬಿದ್ದರೆ ಈ ಪೆಟ್ಟಿಗೆಯಲ್ಲಿ ಅದು ತಿರುಗಲೂ ಆಗದು.

ಹೊಸಹುಟ್ಟು ಬರೆದದ್ದು:

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಹಿತ್ತಾಳೆಯನ್ನು ಹಿಂದಿರುಗಿಸಿದೆ. ಹಿಂಬದಿಯ ಹಲಗೆಯ ಮೇಲಂಚಿನಲ್ಲಿ ಹಳೆಯ ಸ್ಕ್ರೂ ಒಂದನ್ನು ಬಿಚ್ಚಿ ಆ ತೂತಿಗೆ ತೆಳ್ಳನೆಯ ಬಿಟ್ ಹಾಕಿ ನೋಡಿದಾಗ ಬಂದ ಪುಡಿ ಕಾಫಿ ಚರಟದಂತಿತ್ತು, ಒತ್ತಿದರೆ ಬೆರಳಿಗೆ ತೇವ ತಗುಲಿತು. ಹಾಗಾಗಿ ಕೊರೆಯುವ ಮಾತನ್ನು ಅಲ್ಲಿಗೇ ಬಿಟ್ಟು, ಸಂಜೆಗಾಳ ಅವರ ಬೊಂಬಿನ ವಿಧಾನಕ್ಕೆ ಬಂದಿದ್ದೇನೆ. ಹಲಗೆಯನ್ನು ಈ ಚಳಿಗಾಲದಲ್ಲಿ ಬದಲಾಯಿಸುವೆ.

ಹೊರೆ ಹೇರಿ ಗೆರೆ ಎಳೆದಾಗ ನಾನು ಕೋಡಿಗೆಂದು ಮೊದಲು ಆರಿಸಿದ್ದ ಜಾಗ ನೀರಿನೊಳಗೆ ಅರ್ಧ ಅಂಗುಲ ಮುಳುಗಿತ್ತು. ಈಗ ಅದು ನಡುಭಾಗದಲ್ಲಿ, ಗೆರೆಗಿಂತ ನಾಲ್ಕೂವರೆ ಅಂಗುಲ ಮೇಲಿದೆ. ತೊಟ್ಟಿಯಡಿ ಎರಡು ಅಂಗುಲದ ಹಲಗೆ ಕೊಟ್ಟಿದ್ದೇನೆ. ಕೆಳಗಿನ ಹಳೆಯ ತೂತನ್ನು ಬಿರಡೆ ಹಾಕಿ ತೂಬು ಮಾಡಿಕೊಂಡೆ, ತಳದಲ್ಲಿ ಉಳಿಯುವ ಎರಡು ಅಂಗುಲ ನೀರನ್ನು ದಡದ ಮೇಲೆ ತೊಟ್ಟಿಯನ್ನು ವಾಲಿಸಿ ಚೆಲ್ಲುತ್ತೇನೆ. ಮೊನ್ನೆಯ ಸ್ಪರ್ಧೆಯಲ್ಲಿ ನಾಲ್ಕು ಮೀನು, ಒಟ್ಟು ಒಂಬತ್ತು ಪೌಂಡು. ಬೆಳಿಗ್ಗೆ ಏಳರಿಂದ ಒಂದು ಗಂಟೆಯವರೆಗೆ ನಾಲ್ಕೂ ಜೀವಂತ ಇದ್ದವು. ಬಿಟ್ಟಾಗ ಕೈಯಿಂದ ಚಿಮ್ಮಿ ಹೋದವು.

ಉಳಿದಿರುವ ತೊಂದರೆ ಒಂದೇ. ಕೋಡಿಯ ಬಾಯಿಗೆ ಮೀನು ಬಾಲ ಒತ್ತಿಕೊಂಡು ಕೂತರೆ ನೀರು ಏರುತ್ತದೆ. ಜಾಲರಿ ಕೂರಿಸಿದೆ, ಆದರೆ ಮೀನಿನ ಲೋಳೆ ಮತ್ತು ಎಲೆಚೂರು ಸೇರಿ ಅದೂ ಕಟ್ಟಿಕೊಳ್ಳುತ್ತದೆ.

ಕೆರೆಯಂಗಳ ಬರೆದದ್ದು:

ಜಾಲರಿಯನ್ನು ಬಾಯಿಯ ಮೇಲೆ ಚಪ್ಪಟೆಯಾಗಿ ಕೂರಿಸಿದ್ದೀರೆಂದು ಕಾಣುತ್ತದೆ. ಅದರ ಬದಲು ಒಂದೂವರೆ ಅಂಗುಲದ ಪಿವಿಸಿ ಕೊಳವೆಯ ಅಂಗೈಯುದ್ದದ ತುಂಡಿಗೆ ಗರಗಸದಿಂದ ಸುತ್ತಲೂ ಸೀಳು ಕೊಯ್ದು, ತುದಿ ಮುಚ್ಚಿ, ಕೋಡಿಯ ಬಾಯಿಗೆ ಒಳಗಿನಿಂದ ಅಡ್ಡಲಾಗಿ ಸಿಕ್ಕಿಸಿ. ಸೀಳುಗಳ ಒಟ್ಟು ವಿಸ್ತಾರ ಬಾಯಿಗಿಂತ ಮೂರು ಪಟ್ಟಾದರೂ ಇರಲಿ. ಒಂದು ಪಕ್ಕಕ್ಕೆ ಮೀನು ಒತ್ತಿಕೊಂಡರೂ ಇನ್ನೊಂದು ಪಕ್ಕ ತೆರೆದಿರುತ್ತದೆ. ಅಂಟು ಹಾಕಬೇಡಿ, ಎಳೆದರೆ ಬರುವಂತಿರಲಿ, ದಡಕ್ಕೆ ಬಂದಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಕೊಳ್ಳಬಹುದು.